ಎಬಿಎಸ್ ಯೂನಿಟ್ ಬದಲಿಸದೆ ಟ್ರ್ಯಾಕ್ಷನ್ ಲೈಟ್ ಆರಿಸಿದ್ದು: ನನ್ನ ಅನುಭವ

ಈ ಮಳೆಗಾಲ ಪೂರ್ತಿ ನನ್ನ ಕಾರಿನ ಟ್ರ್ಯಾಕ್ಷನ್ ಲೈಟ್, ಅಂದರೆ ಚಕ್ರ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ ಕೈಕೊಟ್ಟಿದೆ ಅಂತ ಹೇಳುವ ದೀಪ, ಒಮ್ಮೆಯೂ ಹತ್ತಲಿಲ್ಲ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್ಟೇ ಹೋಗಿದೆ, ಮನೆಯಲ್ಲಿ ಕೂತು ಸರಿಮಾಡೋ ಕೆಲಸ ಅಲ್ಲ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಕಾರು ಡೀಸೆಲ್, ಲಕ್ಷ ಕಿಲೋಮೀಟರ್ ದಾಟಿದೆ. ತೀರ್ಥಹಳ್ಳಿ ಕಡೆಯ ತೋಟದ ರಸ್ತೆಗಳಲ್ಲೇ ಜಾಸ್ತಿ ಓಡಿದ್ದು. ಬೇಸಿಗೆಯಲ್ಲಿ ಯಾವ ತಕರಾರೂ ಇಲ್ಲ. ಮಳೆ ಹಿಡಿಯಿತು ಅಂದರೆ ಲೈಟ್ ಹತ್ತೋದು ಶುರು. ಆಗುಂಬೆಗೆ ಹೋದರಂತೂ ಖಾತ್ರಿ, ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಸುರಿಯುವ ಊರು ಅದು. ಘಾಟಿಯ 14 ತಿರುವು ಇಳಿಯುವಾಗ ಎಬಿಎಸ್, ಟ್ರ್ಯಾಕ್ಷನ್ ಎರಡೂ ಕೈಕೊಟ್ಟರೆ ಹೇಗಿರುತ್ತೆ ಹೇಳಿ. ಮಾಮೂಲಿ ಬ್ರೇಕ್ ಹಿಡಿಯುತ್ತೆ, ನಿಜ. ಆದರೆ ಪಾಚಿ ಕಟ್ಟಿದ ರಸ್ತೆಯಲ್ಲಿ ಚಕ್ರ ಲಾಕ್ ಆಯಿತೋ, ಮುಗೀತು. ಏರಿನಲ್ಲಿ ಕಾರು ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಕೂಡ ಜೊತೆಗೇ ಹೋಗುತ್ತಿತ್ತು.

ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಬರುತ್ತಿದ್ದದ್ದು ಎಡ ಮುಂದಿನ ವೀಲ್ ಸ್ಪೀಡ್ ಸೆನ್ಸರ್ (ಚಕ್ರದ ವೇಗ ಅಳೆಯೋದು) ಅಂತ. ಸೆನ್ಸರ್ ಬದಲಾಯಿತು, ಸುಮಾರು 2,500. ನಾಲ್ಕು ದಿನ ಬಿಸಿಲಿತ್ತು, ಲೈಟ್ ಇರಲಿಲ್ಲ. ಮಳೆ ಬಂತು, ಲೈಟೂ ಬಂತು. ಸೆನ್ಸರ್ ಓದುವ, ಬೇರಿಂಗ್ ಒಳಗಿನ ಮ್ಯಾಗ್ನೆಟ್ ರಿಂಗ್ ಹಾಳಾಗಿರಬೇಕು ಅಂದರು ಗ್ಯಾರೇಜಿನವರು. ಅದಕ್ಕೆ ಕೂಲಿ ಸೇರಿ ನಾಲ್ಕು ಸಾವಿರ ಚಿಲ್ಲರೆ. ಟೈರು ಅದಲುಬದಲು ಮಾಡಿ, ಬ್ಯಾಟರಿ, ಬ್ರೇಕ್ ಲೈಟ್ ಸ್ವಿಚ್ ಎಲ್ಲ ನೋಡಿದ್ದೂ ಆಯಿತು. ಕೊನೆಗೆ ಒಂದು ಸರ್ವಿಸ್ ಸೆಂಟರಿನವರು ಯೂನಿಟ್ ಹಾಕಬೇಕು ಅಂತ 45 ಸಾವಿರದ ಹತ್ತಿರ ಎಸ್ಟಿಮೇಟ್ ಕೊಟ್ಟರು. ಸೆನ್ಸರ್ ಹೊಸದು, ಬೇರಿಂಗ್ ಹೊಸದು, ಹಾಗಾದರೆ ಯೂನಿಟ್ಟೇ ಅನ್ನುವುದು ಅವರ ಲೆಕ್ಕ. ನಡುವೆ ವೈರ್ ಇದೆ ಅಲ್ವಾ? ಸೆನ್ಸರ್ ಜೊತೆ ಬರುವ ವೈರ್ ಮಡ್‌ಗಾರ್ಡ್ ಒಳಗಿನ ಕನೆಕ್ಟರ್ ತನಕ ಮಾತ್ರ. ಅಲ್ಲಿಂದ ಯೂನಿಟ್ ತನಕ ಇರೋದು ಹಳೆಯದೇ.

ಸಾವಿರ ರೂಪಾಯಿಯ ಬ್ಲೂಟೂತ್ ಡಾಂಗಲ್ ನಂಬಬೇಡಿ, ಬಹಳಷ್ಟು ಎಂಜಿನ್ ಕೋಡ್ ಬಿಟ್ಟು ಮುಂದೆ ಹೋಗಲ್ಲ. ಎಬಿಎಸ್ ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಒಂಬತ್ತು ಸಾವಿರದ ಆಸುಪಾಸಿಗೆ ತಗೊಂಡೆ. ಮಳೆಯಲ್ಲಿ ತಮ್ಮನಿಗೆ ಕಾರು ಕೊಟ್ಟು ನಾನು ಪಕ್ಕದಲ್ಲಿ ಗ್ರಾಫ್ ನೋಡುತ್ತಾ ಕೂತೆ. ಮೂರು ಚಕ್ರ 30 ಕಿ.ಮೀ. ವೇಗ ತೋರಿಸುವಾಗ ಎಡ ಮುಂದಿನದು 30, 0, 30, 12 ಅಂತ ಕುಣಿಯುತ್ತಿತ್ತು. ಗಮನಿಸಬೇಕಾದ್ದು ಇಲ್ಲೇ. ರಿಂಗ್ ಹಾಳಾಗಿದ್ದರೆ ಚಕ್ರದ ಪ್ರತಿ ಸುತ್ತಿಗೂ ಒಂದೇ ಲಯದಲ್ಲಿ ತಪ್ಪಬೇಕು. ಇದಕ್ಕೆ ಲಯವೇ ಇರಲಿಲ್ಲ. ನನಗೆ ಅಲ್ಲೇ ವೈರ್ ಮೇಲೆ ಗುಮಾನಿ ಗಟ್ಟಿಯಾಯಿತು.

ಇದು ಎರಡು ವೈರಿನ ಆಕ್ಟಿವ್ ಸೆನ್ಸರ್, ಅಂದರೆ ಯೂನಿಟ್ಟಿಂದ ಕರೆಂಟ್ ತಗೊಂಡು, ಚಕ್ರ ತಿರುಗಿದ ಹಾಗೆ ಆ ಕರೆಂಟನ್ನು ಹೆಚ್ಚುಕಡಿಮೆ ಮಾಡುವಂಥದ್ದು. ಓಮ್ಸ್ ಅಳೆದು ಏನೂ ಪ್ರಯೋಜನ ಇಲ್ಲ, ಆದರೂ ಎಲ್ಲರೂ ಅದನ್ನೇ ಅಳೆಯುತ್ತಾರೆ. ಮೀಟರನ್ನು ಮಿಲಿಆಂಪ್‌ಗೆ ಇಟ್ಟು ಸೀರೀಸಲ್ಲಿ ಹಾಕಿ. ಅದೂ ಯೂನಿಟ್ ತುದಿಯಲ್ಲೇ ಹಾಕಬೇಕು. ಚಕ್ರದ ಕಡೆ ಹಾಕಿದರೆ ಮೇಲಿನ ವೈರಿನ ಸೋರಿಕೆ ಕಾಣೋದೇ ಇಲ್ಲ. ಜಾಕ್ ಕೊಟ್ಟು, ಕೀ ಆನ್ ಮಾಡಿ, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. 7, 14, 7, 14. ಒಣಗಿದ್ದಾಗ ಗಡಿಯಾರದಷ್ಟು ಸರಿ.

ಆಮೇಲೆ ಅಡಿಕೆ ಕೊಳೆಗೆ ಔಷಧಿ ಹೊಡೆಯುವ ಪಂಪ್ ತೊಳೆದು, ಉಪ್ಪುನೀರು ತುಂಬಿ, ವೈರಿಗೆ ಒಂದೊಂದು ಗೇಣಿನಂತೆ ಹೊಡೆಯುತ್ತಾ ಬಂದೆ. ಕನೆಕ್ಟರಿಗೆ ಹೊಡೆದೆ, ಏನೂ ಆಗಲಿಲ್ಲ. ಮಡ್‌ಗಾರ್ಡ್ ದಾಟಿ ಒಂದು ಬ್ರಾಕೆಟ್ ಹತ್ತಿರ ಬಂದಾಗ ಸ್ವಲ್ಪ ಹೊತ್ತು ತಡೆದು 9, 17, 12 ಅಂತ ಅಡ್ಡಾದಿಡ್ಡಿ ಓಡಿತು. ಸಿಕ್ಕಿತು! ಟೇಪ್ ಬಿಚ್ಚಿದರೆ ಬ್ರಾಕೆಟ್ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತು. ಆದರೆ ತಾಮ್ರ ಅಲ್ಲಿ ಚೆನ್ನಾಗಿಯೇ ಇತ್ತು. ನೀರು ವೈರಿನ ಒಳಗೊಳಗೇ ಇಳಿದು, ಒಂದು ಗೇಣು ಕೆಳಗೆ ಎಳೆಗಳೆಲ್ಲ ಹಸಿರು ಕಿಲುಬಾಗಿದ್ದವು. ಉಗುರು ತಾಗಿಸಿದರೆ ಪುಡಿ. ತೂತು ಕಂಡ ಜಾಗ ಮಾತ್ರ ಮುಚ್ಚಿದ್ದರೆ ಮತ್ತೆ ಅದೇ ಕಥೆ.

ಹೊಳೆಯುವ ತಾಮ್ರ ಕಾಣುವ ತನಕ ಎರಡೂ ಕಡೆ ಕತ್ತರಿಸಿ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಂದ ತಂದ ವೈರ್ ಹಾಕಿದೆ. ಜೋಡಿ ವೈರಿನ ಹುರಿ ಬಿಚ್ಚಬಾರದು, ಮೊದಲಿದ್ದ ಹಾಗೇ ಹೊಸೆಯಬೇಕು. ಎರಡು ಜಾಯಿಂಟ್ ಅಕ್ಕಪಕ್ಕ ಬರದಂತೆ ಹಿಂದೆಮುಂದೆ ಇಡಿ. ಅದರ ಮೇಲೆ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ). ಅದರೊಳಗೆ ನಾನು ಇನ್ನೊಂದು ವಸ್ತು ತುಂಬುತ್ತೇನೆ, ಅದು ನನ್ನಲ್ಲೇ ಇರಲಿ. ಸಾಮಾನಿನ ಖರ್ಚು ಎಲ್ಲ ಸೇರಿ ಮುನ್ನೂರು ದಾಟಿಲ್ಲ.

ಬಿಚ್ಚಿದ ಹಳೇ ಬೇರಿಂಗ್ ಮನೆಯಲ್ಲೇ ಬಿದ್ದಿತ್ತು. ಅದರ ಸೀಲ್ ಮೇಲೆ ತೆಳು ಕಾಗದ ಇಟ್ಟು ಗ್ರೈಂಡರ್ ಹತ್ತಿರದ ಕಬ್ಬಿಣದ ಪುಡಿ ಉದುರಿಸಿದೆ. ಸುತ್ತಲೂ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಮೂಡಿದವು, ಒಂದೂ ತಪ್ಪಿಲ್ಲ. ಅಂದರೆ ರಿಂಗ್ ಮೊದಲಿಂದಲೂ ಸರಿಯಾಗಿಯೇ ಇತ್ತು. ಬೇರಿಂಗ್ ಹಾಕಿಸುವಾಗ ನೀವೂ ಹೀಗೆ ನೋಡಿ. ಗೆರೆ ಬರುವ ಮೈ ಸೆನ್ಸರ್ ಕಡೆಗೇ ಇರಬೇಕು. ಉಲ್ಟಾ ಕೂರಿಸಿದರೆ ಸ್ಪೀಡ್ ಸೊನ್ನೆ.

ಬಲಗಡೆಯ ವೈರ್ ಬಿಚ್ಚಿ ನೋಡಿದೆ. ಅದೇ ಥರದ ಬ್ರಾಕೆಟ್ಟು, ಅಲ್ಲೂ ಉಜ್ಜಿದ ಗುರುತು, ತೂತು ಇನ್ನೂ ಬಿದ್ದಿಲ್ಲ. ಹಳೇ ಟ್ಯೂಬ್ ಸೀಳಿ ಸುತ್ತಿದ್ದೇನೆ.