ಬಚ್ಚಲ ಒಲೆ ಆರಿಸಿ ಎಂಟು ಚಳಿಗಾಲ

ದಾವಣಗೆರೆ ಹಳೇಪೇಟೆಯ ನಮ್ಮ ಮನೆ ಬಚ್ಚಲಿಗೆ ತಾಮ್ರದ ಹಂಡೆ ಕೂರಿಸಿ ಒಲೆ ಕಟ್ಟಿಸಿದವರು ನಮ್ಮ ಮಾವ. ಆಗ ಮನೆತುಂಬ ಜನ, ಹಂಡೆಯೂ ಅದಕ್ಕೆ ತಕ್ಕಂತೆ. ನಾನು ಸೊಸೆಯಾಗಿ ಬಂದ ಮೂರನೇ ದಿನ ಊದುಗೊಳವೆ ಹಿಡಿದು ಅದರ ಮುಂದೆ ಕೂತವಳು, ಎದ್ದಿದ್ದು ಅರವತ್ತು ದಾಟಿದ ಮೇಲೆ. ಜಾಲಿ ಕಟ್ಟಿಗೆ, ಹತ್ತಿಕಟ್ಟಿಗೆ, ತೆಂಗಿನ ಮಟ್ಟೆ, ಮೆಕ್ಕೆಜೋಳದ ಬೆಂಡು, ಭರಮಸಾಗರದ ತವರಿಂದ ಬರುತ್ತಿದ್ದ ಕುಳ್ಳು, ಏನು ಸಿಕ್ಕರೂ ಅದರ ಹೊಟ್ಟೆಗೆ. ಈಗ ಕರೆಂಟಿನ ಗೀಸರ್ ಬಂದು ಎಂಟು ಚಳಿಗಾಲ ಕಳೆಯಿತು. ಬದಲಾಯಿಸಬೇಕು ಅಂತ ಯೋಚನೆ ಮಾಡುತ್ತಿರುವವರಿಗೆ ನಾನು ಎಡವಿದ ಜಾಗಗಳನ್ನು ತೋರಿಸಿಬಿಡುತ್ತೇನೆ.

ನಮ್ಮ ಮನೆಯವರಿಗೆ ದಮ್ಮಿತ್ತು. ಕಾರ್ತೀಕ ಬಂತೆಂದರೆ ಕೆಮ್ಮು ಶುರು. ಚಳಿಗೆ ಅಂತ ನಾವು ಇನ್ನಷ್ಟು ಬಿಸಿನೀರು ಕಾಯಿಸುವುದು, ಇನ್ನಷ್ಟು ಹೊಗೆ. ಚಳಿಗಾಲದ ಬೆಳಗಿನಲ್ಲಿ ಹೊಗೆ ಮೇಲೇಳುವುದಿಲ್ಲ, ತಣ್ಣನೆ ಗಾಳಿಯ ಕೆಳಗೆ ಸಿಕ್ಕಿಕೊಂಡು ಓಣಿಯಲ್ಲೇ ಮಲಗಿರುತ್ತದೆ. ನಮ್ಮ ಒಲೆಯದು ಪಕ್ಕದ ಮನೆಗೆ, ಪಕ್ಕದ ಮನೆಯದು ನಮಗೆ. ಒಣಹಾಕಿದ ಬಿಳಿ ಪಂಚೆ ತೆಗೆದು ಕೊಡವಿದರೆ ಕರಿ ಚುಕ್ಕೆ. ಆ ಚುಕ್ಕೆ ಕಣ್ಣಿಗೆ ಕಾಣುತ್ತದೆ, ಒಗೆದರೆ ಹೋಗುತ್ತದೆ. ಕಾಣದ ಕಣವೇ ಕೇಡು. ಕೂದಲೆಳೆಯ ಮೂವತ್ತನೇ ಒಂದು ಪಾಲಿನಷ್ಟು ಸಣ್ಣದು, ಸೀದಾ ಪುಪ್ಪುಸದ ತಳಕ್ಕೆ ಇಳಿದು ಕೂರುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಗಾಳಿ ಕೆಟ್ಟ ಊರುಗಳ ಪಟ್ಟಿ ಮಾಡಿ ಶುದ್ಧ ಗಾಳಿ ಕಾರ್ಯಕ್ರಮ ತಂದಾಗ, ಕರ್ನಾಟಕದಿಂದ ಅದರಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ನಮ್ಮೂರೂ ಇತ್ತು. ರಸ್ತೆ ಧೂಳು, ಲಾರಿ, ಮಂಡಕ್ಕಿ ಭಟ್ಟಿ ಅಂತ ನಾವು ಬೇರೆಯವರ ಕಡೆ ಬೆರಳು ಮಾಡುತ್ತೇವೆ. ನಮ್ಮ ಬಚ್ಚಲ ಹಿಂದಿನ ಗೋಡೆಯ ಮಸಿ ನೋಡಿದ ಮೇಲೆ ನನಗಂತೂ ಬಾಯಿ ಕಟ್ಟಿತು.

ಮೊಮ್ಮಗ ಇಂಜಿನಿಯರಿಂಗ್ ಓದುವವನು, ಸುಮ್ಮನೆ ಬಿಡುತ್ತಾನೆಯೇ? “ಅಜ್ಜಿ, ಕರೆಂಟೂ ರಾಯಚೂರಲ್ಲಿ, ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟೇ ಬರೋದು” ಅಂದ. ಬರಲಿ ಮಾರಾಯ, ಅಲ್ಲಿಯ ಚಿಮಣಿ ಮುಗಿಲಿಗೆ ಮುಟ್ಟುವಷ್ಟಿದೆ, ನನ್ನ ಒಲೆಯ ಬಾಯಿ ನಿಮ್ಮ ತಾತನ ಮೂಗಿನ ಮುಂದಿತ್ತು ಅಂದೆ. ಚಿತ್ರದುರ್ಗದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ಕರೆಂಟೂ ಅದೇ ತಂತಿಯಲ್ಲಿ ಬರುತ್ತದಲ್ಲ.

ಈಗ ಎಡವಿದ ಕಥೆ. ಮೊದಲ ಗೀಸರ್ ತಂದಾಗ ಹಾಕಿದ ಹುಡುಗ ಬಚ್ಚಲಲ್ಲಿದ್ದ ಹಳೇ ಸಣ್ಣ ಪ್ಲಗ್ಗಿಗೇ ಸಿಕ್ಕಿಸಿ ಹೋದ. ಹದಿನೈದು ದಿನಕ್ಕೆ ಏನೋ ಸುಟ್ಟ ವಾಸನೆ. ನೋಡಿದರೆ ಸಾಕೆಟ್ಟಿನ ಬಿಳಿ ಮುಖ ಸೀದ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. 2000 ವ್ಯಾಟಿನ ಗೀಸರ್ 9 ಆಂಪಿಯರ್ ಹತ್ತಿರ ಎಳೆಯುತ್ತದೆ, ಆ ಪ್ಲಗ್ಗು ಇದ್ದದ್ದು 6 ಆಂಪಿಯರಿಗೆ. ಹಾಗಾಗಿ ಗೀಸರ್ ಕೊಳ್ಳುವ ಮೊದಲು ವೈರಿಂಗಿಗೆ ದುಡ್ಡು ತೆಗೆದಿಡಿ. ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್, ಕಡಿಮೆಯೆಂದರೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು, 16 ಆಂಪಿಯರ್ ಸಾಕೆಟ್ಟು, ಅದಕ್ಕೇ ಒಂದು ಎಂಸಿಬಿ, ಅಂದರೆ ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು. ಮನೆಗೆಲ್ಲ ಸೇರಿ ಕರೆಂಟು ಸೋರಿದರೆ ತಾನೇ ಬೀಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿದರೆ ಒದ್ದೆ ಕೈಯಲ್ಲಿ ಶಾಕ್ ಹೊಡೆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ. ಹಳೇ ಮನೆಗಳಲ್ಲಿ ಅರ್ತಿಂಗ್ ಗುಂಡಿ ಹಿತ್ತಲಲ್ಲಿ ಎಲ್ಲೋ ಮುಚ್ಚಿಹೋಗಿರುತ್ತದೆ. ಹುಡುಕಿಸಿ, ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹೊಯ್ಯಿರಿ. ನಮ್ಮ ಕಡೆಯ ಮಣ್ಣು ಮಾರ್ಚಿಗೇ ಬಿರಿಯುತ್ತದೆ, ಒಣಗಿದ ಗುಂಡಿ ಇದ್ದೂ ಇಲ್ಲದ ಹಾಗೆ.

ಬಿಲ್ಲಿನ ಹೆದರಿಕೆ ಎಲ್ಲರಿಗೂ. ಲೆಕ್ಕ ಸುಲಭ: ಒಬ್ಬರು ಮೀಯುವ ಒಂದು ಬಕೆಟ್ ನೀರು ಬೆಚ್ಚಗಾಗಲು ಹೆಚ್ಚೂಕಮ್ಮಿ ಅರ್ಧ ಯೂನಿಟ್. ನಾಲ್ಕು ಜನಕ್ಕೆ ದಿನಕ್ಕೆ ಎರಡು, ತಿಂಗಳಿಗೆ ಅರವತ್ತು. ಗೃಹಜ್ಯೋತಿಯಲ್ಲಿ ಇರುವವರು ನೆನಪಿಡಿ, ನಿಮಗೆ ಗೊತ್ತುಮಾಡಿದ ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಅದಕ್ಕೇ ನಾನು ಸ್ವಿಚ್ಚು ಮರೆಯುವವರ ಮೇಲೆ ಕಣ್ಣಿಟ್ಟಿರುತ್ತೇನೆ. 25 ಲೀಟರಿನದು ಅರ್ಧ ಗಂಟೆಯಲ್ಲಿ ಕಾಯುತ್ತದೆ, ಸಾಲಾಗಿ ಎಲ್ಲರೂ ಮಿಂದು ಮುಗಿಸಿದರೆ ಸರಿ. ತಾರಸಿ ನಿಮ್ಮದೇ ಆಗಿದ್ದರೆ ಸೋಲಾರೇ ಮೇಲು, ನಮ್ಮ ಸೀಮೆಯ ಬಿಸಿಲಿಗೇನು ಬರವೇ! ಆಷಾಢ ಶ್ರಾವಣದ ಮೋಡಕ್ಕೆ ಮಾತ್ರ ಗೀಸರ್ ಜೊತೆಗಿರಲಿ.

ಬೋರ್ ನೀರಿನ ಮನೆಯವರಿಗೆ ಒಂದು ಮಾತು. ನಮ್ಮ ಕಡೆಯ ಗಡಸು ನೀರು ಕಾದರೆ ಒಳಗಿನ ಕಾಯಿಲಿಗೆ ಸುಣ್ಣದ ಪೊರೆ ಕಟ್ಟುತ್ತದೆ. ನೀರು ಕಾಯುವುದು ತಡ, ಕರೆಂಟು ಜಾಸ್ತಿ, ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ಗೀಸರಿನ ಶಾಖ ಹೊಂದಿಸುವ ತಿರುಗುಗುಂಡಿಯನ್ನು 50–55 ಡಿಗ್ರಿಗೆ ನಿಲ್ಲಿಸಿ, ಅದರ ಮೇಲೆ ಹೋದಷ್ಟೂ ಪೊರೆ ಬೇಗ ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸುವಾಗ ಒಳಗಿನ ಮೆಗ್ನೀಸಿಯಂ ಕಡ್ಡಿ ಎಷ್ಟು ಸವೆದಿದೆ ನೋಡಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಕಾಯುವಾಗ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕಿದರೆ ಗಾಬರಿಯಾಗಬೇಡಿ, ಮುಖ್ಯವಾಗಿ ಅದಕ್ಕೆ ಬಟ್ಟೆ ತುರುಕಿ ಬಂದ್ ಮಾಡಬೇಡಿ. ಒಳಗಿನ ಒತ್ತಡ ಹೊರಹೋಗುವ ದಾರಿ ಅದೊಂದೇ. ಬಾಡಿಗೆ ಮನೆಯಲ್ಲಿ ಕಾಯಿಲ್ ರಾಡು ಬಳಸುವವರು ತಗಡಿನ ಬಕೆಟ್ ದೂರ ಇಡಿ. ರಾಡು ನೀರಿಗಿಳಿದ ಮೇಲೆ ಸ್ವಿಚ್ಚು, ಪ್ಲಗ್ಗು ಕಿತ್ತ ಮೇಲೆ ಕೈ.

ನೀರಿನ ಒಲೆಗಿಂತ ನನಗೆ ಹೆಚ್ಚು ಕಾಡಿದ್ದು ಬಾಣಂತಿ ಕೋಣೆಯ ಕೆಂಡ. ನನ್ನ ಮೊದಲ ಬಾಣಂತನ ಪುಷ್ಯ ಮಾಸದಲ್ಲಿ. ಕಿಟಕಿಗೆ ಗೋಣಿತಾಟು, ಬಾಗಿಲಿಗೆ ಕಂಬಳಿ, ಮಂಚದ ಕೆಳಗೆ ಅಗ್ಗಿಷ್ಟಿಕೆ. ಮೂರನೇ ರಾತ್ರಿ ತಲೆ ಸಿಡಿತ, ವಾಂತಿ ಬಂದಂತೆ, ಎದ್ದು ಕೂರಲು ಕಾಲಲ್ಲಿ ಬಲವಿಲ್ಲ. ಅವ್ವ ದೃಷ್ಟಿ ಅಂದುಕೊಂಡು ಮೆಣಸಿನಕಾಯಿ ತರಲು ಬಾಗಿಲು ತೆಗೆದಳು, ಆ ಗಾಳಿಗೆ ನಾನು ಸುಧಾರಿಸಿಕೊಂಡೆ. ಮೆಣಸಿನಕಾಯಿಗೆ ಹೆಸರು ಬಂತು! ಚೆನ್ನಾಗಿ ಕೆಂಪಾದ ಕೆಂಡಕ್ಕೆ ಹೊಗೆ ಇರುವುದಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಮಲಗಿದಲ್ಲೇ ಹೋಗಬಹುದು. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕುವುದಕ್ಕೆ ನಾನು ಬೇಡವೆನ್ನುವುದೂ ಇದಕ್ಕೇ.

ಮಗಳ ಎರಡನೇ ಬಾಣಂತನಕ್ಕೆ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ತಂದೆವು. ಕೆಂಪಗೆ ಉರಿಯುವ ಕಡ್ಡಿ ಇಲ್ಲ, ಬುಸುಗುಟ್ಟುವ ಫ್ಯಾನಿಲ್ಲ, ಕೂಸಿಗೆ ನಿದ್ದೆ ಕೆಡುವುದಿಲ್ಲ. ಹಾಸಿಗೆ, ಪರದೆಯಿಂದ ಮೂರಡಿ ದೂರ, ಸೀದಾ ಗೋಡೆಯ 16 ಆಂಪಿಯರ್ ಪ್ಲಗ್ಗಿಗೆ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಅದರ ಮೇಲೆ ಕೂಸಿನ ಲಂಗೋಟಿ ಒಣಹಾಕುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು, ಮಗಳು ಕೈ ಹಿಡಿದಳು. ನಿಜ ಹೇಳಬೇಕೆಂದರೆ ನಮ್ಮ ಸೀಮೆಯ ಚಳಿಗೆ ಬೆಳಗಿನ ಜಾವ ಒಂದೆರಡು ಗಂಟೆ ಹಾಕಿದರೆ ಹೆಚ್ಚು. ಉಳಿದ ಹೊತ್ತು ಕುಲಾವಿ, ಕಾಲುಚೀಲ, ತಾಯಿಯ ಎದೆ. ಲೋಬಾನದ ಹೊಗೆ ಬೇಕೇ ಬೇಕೆಂದು ಬೀಗಿತಿ ಹಟ ಹಿಡಿದರು. “ದೇವರ ಮನೆಯಲ್ಲಿ ಹಾಕೋಣ ಬನ್ನಿ ಅಕ್ಕಾ” ಅಂತ ಕರೆದುಕೊಂಡು ಹೋದೆ.

ಕಳಕೊಂಡದ್ದೂ ಇದೆ. ಒಲೆಯ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಬಜ್ಜಿ, ಬೂದಿಯಲ್ಲಿ ಹೂತಿಟ್ಟ ಗೆಣಸು. ಗೀಸರ್ ಹೊಟ್ಟೆಯಲ್ಲಿ ಗೆಣಸು ಬೇಯುವುದಿಲ್ಲ. ಬೆಣ್ಣೆದೋಸೆಯವರು ಕಟ್ಟಿಗೆ ಒಲೆ ಬಿಟ್ಟರೆ ಏನು ಗತಿ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ, ಅದರ ಪಂಚಾಯ್ತಿ ನನಗೆ ಬೇಡ. ಇನ್ನೂ ಒಲೆ ಉರಿಸಲೇಬೇಕಾದವರು ಒಣ ಕಟ್ಟಿಗೆ ಹಾಕಿ. ಬೆಂಕಿ ಹಚ್ಚಲು ಹಾಲಿನ ಪ್ಯಾಕೆಟ್ಟು, ಹಳೇ ಚಪ್ಪಲಿ ಮಾತ್ರ ಮುಟ್ಟಬೇಡಿ, ಆ ಹೊಗೆ ಕಟ್ಟಿಗೆಯ ಹೊಗೆಗಿಂತ ಕೆಟ್ಟದ್ದು.

ಹಂಡೆಯನ್ನು ಮಾರಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹುಣಸೆಹುಳಿ ಹಾಕಿ ತಿಕ್ಕಿ, ಮಾಲಿಂಗನ ಬಳ್ಳಿ ಸುತ್ತಿ ಪೂಜೆ ಮಾಡುತ್ತೇನೆ. ಹೋದ ವರ್ಷ ಬಳ್ಳಿ ಒಂದು ಮೊಳ ಉಳಿಯಿತು, ಗೀಸರಿನ ಪೈಪಿಗೂ ಸುತ್ತಿ ಕುಂಕುಮ ಇಟ್ಟೆ. ತಿಂಗಳಾದ ಮೇಲೆ ಬಂದ ಪ್ಲಂಬರ್ ಹುಡುಗ ಒಣಗಿದ ಬಳ್ಳಿ ನೋಡಿ ನಕ್ಕ, ಆದರೆ ಬಿಚ್ಚಲಿಲ್ಲ. ಹುಷಾರಾಗಿ ಪಕ್ಕಕ್ಕೆ ಸರಿಸಿ ವಾಲ್ವ್ ಬದಲಿಸಿ ಹೋದ.