ಉಪ್ಪಿನ ಪ್ಯಾಕೆಟ್ ಮೇಲೆ ತಾರೀಕು ಬರೆದಿಡಿ

ನಮ್ಮಪ್ಪನಿಗೆ 61ಕ್ಕೆ ಲಕ್ವ ಹೊಡೆಯಿತು. ಹೊಲದಲ್ಲಿ ದುಡಿದ ಗಟ್ಟಿ ಜೀವ. ಬೀಡಿ ಇಲ್ಲ, ಕುಡಿತ ಇಲ್ಲ. ಬಿಪಿ ಇತ್ತು ಅಂತ ನಮಗೆ ಗೊತ್ತಾಗಿದ್ದೇ ಆಸ್ಪತ್ರೆಗೆ ಸೇರಿಸಿದ ಮೇಲೆ. ಆಮೇಲೆ ಅವರು ನೆಟ್ಟಗೆ ನಡೆಯಲೇ ಇಲ್ಲ. ಉಪ್ಪಿನಲ್ಲಿರುವ ಸೋಡಿಯಂ ಜಾಸ್ತಿಯಾದರೆ ಬಿಪಿ ಏರುತ್ತದೆ, ಬಿಪಿ ಏರಿದರೆ ಲಕ್ವದ ಭಯ. ಹಾಗಾಗಿ ಅಂದಿನಿಂದ ನಾನು ಮನೆಯಲ್ಲಿ ಮೊದಲು ಕಣ್ಣಿಟ್ಟಿದ್ದು ಉಪ್ಪಿನ ಡಬ್ಬದ ಮೇಲೆ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚುಕಡಿಮೆ ಒಂದು ಟೀ ಚಮಚ. ಆದರೆ ನಾವು ಉಪ್ಪು ಹಾಕುವುದು ಕೈ ಅಂದಾಜಿನಲ್ಲಿ ಅಲ್ವಾ? ಹಾಗಾಗಿ ಚಮಚ ಬಿಡಿ, ಪ್ಯಾಕೆಟ್ ಲೆಕ್ಕ ಇಡಿ. ಒಂದು ಕೆಜಿ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ತಾರೀಕು ಬರೆಯಿರಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ದಿನಕ್ಕೆ 20 ಗ್ರಾಂ, ಅಂದರೆ ಪ್ಯಾಕೆಟ್ 50 ದಿನ ಬರಬೇಕು. ನಮ್ಮನೆಯಲ್ಲಿ ಮೊದಲ ಸಲ 31 ದಿನಕ್ಕೇ ಖಾಲಿ! ಒಬ್ಬೊಬ್ಬರಿಗೆ 8 ಗ್ರಾಂ ಬಿತ್ತು. ಅದೂ ಹೋಟೆಲಿನ ತಿಂಡಿ, ಬೇಕರಿಯ ಖಾರ ಬಿಸ್ಕತ್ತು, ಅಂಗಡಿಯ ಹಪ್ಪಳ ಲೆಕ್ಕಕ್ಕೆ ಸೇರಿಸದೆ. ಅವನ್ನೂ ತಿನ್ನುವ ಮನೆಯವರು 60 ದಿನದ ಗುರಿ ಇಟ್ಟುಕೊಳ್ಳಿ.

ಒಂದೇ ಸಲಕ್ಕೆ ಇಳಿಸಬೇಡಿ, ಯಾರೂ ಉಣ್ಣುವುದಿಲ್ಲ. ನಾನು ಮೊದಲು ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಗೆ ಹಾಕುವ ಉಪ್ಪು ನಿಲ್ಲಿಸಿದೆ. ಸಾರಿನ ಜೊತೆ ತಿನ್ನುವಾಗ ಅದು ಗೊತ್ತೇ ಆಗುವುದಿಲ್ಲ. ಆಮೇಲೆ ಸಾರಿಗೆ ಹಾಕುವುದನ್ನು ವಾರಕ್ಕೆ ಒಂದು ಚಿಟಿಕೆಯಂತೆ ಕಡಿಮೆ ಮಾಡಿದೆ. ಆ ಜಾಗಕ್ಕೆ ನಿಂಬೆರಸ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಬಂತು. ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಂಡಿತು. ಈಗ ಮದುವೆ ಊಟ ಉಂಡರೆ ನಮಗೇ ಉಪ್ಪುಪ್ಪು ಅನಿಸುತ್ತದೆ.

ಮಂಡ್ಯ ಕಡೆಯವರಾದ ನಮಗೆ ಉಪ್ಪೆಸರು ಬಿಟ್ಟಿರಲು ಆಗದು. ಬಿಡುವುದೂ ಬೇಡ. ಸೊಪ್ಪು, ಕಾಳು ಬೇಯಿಸುವಾಗ ಉಪ್ಪು ಹಾಕದೆ ಖಾರ ಅರೆಯುವಾಗ ಮಾತ್ರ ಹಾಕಿ. ಬಸಿದ ನೀರಿಗೆ ಖಾರ ಕಲಸಿಕೊಂಡು ಮುದ್ದೆ ಉಂಡರೆ ರುಚಿ ಹಾಗೇ ಇರುತ್ತದೆ. ದಂಟು, ಕೀರೆ, ಹೊನಗನ್ನೆ ಯಾವುದಾದರೂ ಸರಿ, ಸೊಪ್ಪು ಮಾತ್ರ ಜಾಸ್ತಿ ಇರಲಿ. ಅದರಲ್ಲಿರುವ ಪೊಟ್ಯಾಸಿಯಂ ಬಿಪಿ ಇಳಿಯಲು ನೆರವಾಗುತ್ತದೆ. ಉಪ್ಪಿನಕಾಯಿ ಉಗುರಿನಷ್ಟು ಸಾಕು.

ಸೈಂಧವ ಉಪ್ಪಾದರೆ ಎಷ್ಟಾದರೂ ತಿನ್ನಬಹುದು ಅಂತ ತುಂಬಾ ಜನ ನಂಬಿದ್ದಾರೆ. ದಯವಿಟ್ಟು ನಂಬಬೇಡಿ. ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ ಸೋಡಿಯಂ ಇರುತ್ತದೆ. ಮನೆಗೆ ಅಯೋಡಿನ್ ಉಪ್ಪೇ ತನ್ನಿ, ಕಡಿಮೆ ಬಳಸಿ. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಕಿಡ್ನಿ ತೊಂದರೆ ಇರುವವರು, ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಇನ್ನು ನಡಿಗೆ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಆಯಿತು. ಇದಲ್ಲದೆ ರಾತ್ರಿ ಊಟ ಮುಗಿಸಿ ಹತ್ತು ನಿಮಿಷ ಬೀದಿಯಲ್ಲಿ ಓಡಾಡಿ. ಊಟವಾದ ಮೇಲೆ ಏರುವ ಶುಗರ್ ಅಷ್ಟು ಏರುವುದಿಲ್ಲ.

ಇಷ್ಟು ಮಾಡಿದರೂ ಬಿಪಿ ನೋಡಿಸದೆ ಇರಬೇಡಿ. ತಲೆನೋವು, ತಲೆಸುತ್ತು ಏನೂ ಇಲ್ಲದೆಯೂ ಅದು ಒಳಗೇ ಏರಿರುತ್ತದೆ, ನಮ್ಮಪ್ಪನಿಗೆ ಆದ ಹಾಗೆ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಎರಡನ್ನೂ ಉಚಿತವಾಗಿ ನೋಡುತ್ತಾರೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಕೊಟ್ಟರೆ ದಿನಾ ತಗೊಳ್ಳಿ. ಉಪ್ಪು ಕಡಿಮೆ ಮಾಡಿದ್ದೀನಲ್ಲ ಅಂತ ನೀವೇ ನಿಲ್ಲಿಸಬೇಡಿ.