ಟಿಸಿಯೊಳಗಿನ ಹಾಳೆಯಲ್ಲಿ ಹರಳುಗಳನ್ನು ಸಾಲು ಹಿಡಿಸುವುದು ಹೇಗೆ?

ಕಕ್ಕಡ ತಿಂಗಳ ಮಳೆಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ಕೊಡಗಿನ ತೋಟಗಳಲ್ಲಿ ಮೂರು ದಿನ ಕತ್ತಲೆ. ಕರೆಂಟ್ ಬಂದ ಕೂಡಲೇ ಗೇಟಿನ ಪಕ್ಕದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಗುಂಯ್ ಎನ್ನುತ್ತದೆ. ಒಳಗಿನ ತೆಳು ಉಕ್ಕಿನ ಹಾಳೆಗಳು ಸೆಕೆಂಡಿಗೆ 100 ಸಲ ಕೂದಲೆಳೆಗಿಂತಲೂ ಕಡಿಮೆ ಹಿಗ್ಗಿ ಕುಗ್ಗುವ ಸದ್ದು ಅದು.

ಈ ಹಾಳೆ ಮಾಮೂಲಿ ತಗಡಲ್ಲ. ಸೌದೆ ಸೀಳಿದವರಿಗೆ ಗೊತ್ತು, ನಾರಿನ ಉದ್ದಕ್ಕೆ ಕೊಡಲಿ ಸಲೀಸಾಗಿ ಇಳಿಯುತ್ತದೆ. ಕಬ್ಬಿಣದ ಹರಳಿಗೂ ಹೀಗೊಂದು ದಿಕ್ಕಿದೆ. ಅದರ ಕಣಗಳು ಘನಾಕಾರದಲ್ಲಿ ಜೋಡಣೆಯಾಗಿರುತ್ತವೆ. ಘನದ ಅಂಚಿನ ಉದ್ದಕ್ಕೆ ಕಾಂತಶಕ್ತಿ ಸುಲಭವಾಗಿ ಹರಿಯುತ್ತದೆ, ಮೂಲೆಯಿಂದ ಎದುರು ಮೂಲೆಗೆ ಬಲು ಕಷ್ಟ. ಹಾಗಾಗಿ ಘನವನ್ನು ಅಂಚಿನ ಮೇಲೆ ನಿಲ್ಲಿಸಬೇಕು, ಹಂಚಿನ ಮಾಡಿನಂತೆ. ಮಾಡಿನ ನೆತ್ತಿ ಹಾಳೆಯ ಉದ್ದಕ್ಕೇ ಸಾಗಬೇಕು. ಅಮೆರಿಕದ ನಾರ್ಮನ್ ಗಾಸ್ ಇದರ ದಾರಿ ತೋರಿಸಿ 1934ರಲ್ಲಿ ಪೇಟೆಂಟ್ ಪಡೆದರು. ಈ ಜೋಡಣೆಗೆ ಇವತ್ತಿಗೂ ಅವರದೇ ಹೆಸರು.

ಮೊದಲು ಉಕ್ಕಿಗೆ ಸುಮಾರು 3% ಸಿಲಿಕಾನ್ ಬೆರೆಸುತ್ತಾರೆ. ಜಾಸ್ತಿಯಾದರೆ ಉರುಳಿಸುವಾಗ ಬಿರಿಯುತ್ತದೆ. ಜೊತೆಗೆ ಚೂರು ಮ್ಯಾಂಗನೀಸ್, ಗಂಧಕ. ಬೇರೆ ಉಕ್ಕಿನಲ್ಲಿ ಗಂಧಕ ಎಂದರೆ ಕಸ, ಇಲ್ಲಿ ಬೇಕೆಂದೇ ಉಳಿಸುತ್ತಾರೆ. ಯಾಕೆಂದು ಆಮೇಲೆ ಗೊತ್ತಾಗುತ್ತದೆ.

ಹಳೆಯ ಪದ್ಧತಿಯಲ್ಲಿ ದಪ್ಪ ಗಟ್ಟಿಯನ್ನು ಸುಮಾರು 1400 ಡಿಗ್ರಿಗೆ ಕಾಯಿಸಿ, 2 ಮಿ.ಮೀ. ಆಸುಪಾಸಿಗೆ ಉರುಳಿಸುತ್ತಾರೆ. ರೋಲರ್ ಉಜ್ಜುವ ಮೇಲ್ಮೈಯ ತುಸು ಕೆಳಗೆ, ಹಾಳೆಯ ನಟ್ಟನಡುವೆ ಅಲ್ಲ, ಗಾಸ್ ಹರಳಿನ ಮೊದಲ ಬೀಜ ಬೀಳುವುದು. ನಂತರ ಬಿಸಿ ಮಾಡದೆ 0.3 ಮಿ.ಮೀ. ಹತ್ತಿರಕ್ಕೆ ಉರುಳಿಸುತ್ತಾರೆ, ನಡುವೆ ಒಮ್ಮೆ ಕಾಯಿಸುವುದೂ ಉಂಟು. ಹರಳುಗಳೆಲ್ಲ ನಜ್ಜುಗುಜ್ಜು. ಆಮೇಲೆ ತೇವ ಬೆರೆತ ಹೈಡ್ರೋಜನ್ ಇರುವ ಕುಲುಮೆಯಲ್ಲಿ 800 ಡಿಗ್ರಿ ದಾಟಿಸಿದರೆ ಇಂಗಾಲ ಹೊರಟುಹೋಗಿ, ಹೊಸ ಪುಟ್ಟ ಹರಳುಗಳು ಹುಟ್ಟುತ್ತವೆ. ಅವುಗಳಲ್ಲಿ ಗಾಸ್ ಹರಳು ಬೆರಳೆಣಿಕೆಯಷ್ಟು.

ಇನ್ನು ಮುಖ್ಯ ಕೆಲಸ, ಅಂದರೆ ಹರಳುಗಳು ಬೆಳೆಯದಂತೆ ತಡೆಯುವುದು! ಹಾಳೆಗಳು ಒಂದಕ್ಕೊಂದು ಅಂಟದಂತೆ ಮೆಗ್ನೀಸಿಯಂ ಆಕ್ಸೈಡ್ ಬಳಿದು, ಸುರುಳಿ ಸುತ್ತಿ, ಮುಚ್ಚಿದ ಕುಲುಮೆಯಲ್ಲಿ ದಿನಗಟ್ಟಲೆ ಕಾಯಿಸುತ್ತಾರೆ. ಶಾಖ ನಿಧಾನಕ್ಕೆ ಏರಬೇಕು. ಆ ಮ್ಯಾಂಗನೀಸ್, ಗಂಧಕ ಸೇರಿ ಆದ ಅತಿಸಣ್ಣ ಕಣಗಳು ಹರಳುಗಳ ಗಡಿಗೆ ಗೂಟ ಹೊಡೆದಂತೆ ಕೂತಿರುತ್ತವೆ. ಯಾವ ಹರಳೂ ಹಿಗ್ಗುವಂತಿಲ್ಲ. ದಟ್ಟ ನೆರಳಲ್ಲಿ ಕುಗ್ಗಿ ನಿಂತ ಗಿಡಗಳ ಹಾಗೆ. ಮರಗಸಿ ಮಾಡಿ, ಅಂದರೆ ನೆರಳಿನ ಮರಗಳ ಕೊಂಬೆ ಸವರಿ, ಬಿಸಿಲು ಬಿಟ್ಟರೆ ಯಾವುದೋ ಒಂದು ಸಸಿ ಸರ‍್ರನೆ ಮೇಲೇಳುತ್ತದೆ ಅಲ್ವಾ? ಇಲ್ಲೂ 1000 ಡಿಗ್ರಿ ಆಸುಪಾಸಿನಲ್ಲಿ ಗೂಟಗಳು ಸಡಿಲವಾದಾಗ ಗಾಸ್ ಹರಳುಗಳು ಮೊದಲು ಓಡುತ್ತವೆ, ಅಕ್ಕಪಕ್ಕದವನ್ನೆಲ್ಲ ನುಂಗುತ್ತವೆ. ಕಣ್ಣಿಗೇ ಕಾಣುವಷ್ಟು, ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುತ್ತವೆ. ಅವೇ ಏಕೆ ಗೆಲ್ಲುತ್ತವೆ ಎಂಬುದರ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಅವಸರ ಮಾಡಿ ಗೂಟಗಳು ಬೇಗ ಕರಗಿದರೆ ಎಲ್ಲ ಹರಳೂ ಸಮನಾಗಿ ಬೆಳೆದು ಹಾಳೆ ಕೆಡುತ್ತದೆ.

ಕೊನೆಗೆ 1200 ಡಿಗ್ರಿಯಲ್ಲಿ ಹೈಡ್ರೋಜನ್ ಗಂಧಕವನ್ನು ತೊಳೆದುಬಿಡುತ್ತದೆ. ಅದರ ಕೆಲಸ ಮುಗಿಯಿತಲ್ಲ. ಮೇಲೆ ಗಾಜಿನಂಥ ಪೊರೆ ಕೂರುತ್ತದೆ.

ಟಿಸಿಗೆ ಜೋಡಿಸುವಾಗಲೂ ದಿಕ್ಕು ತಪ್ಪುವಂತಿಲ್ಲ. ಮೂಲೆಗಳಲ್ಲಿ ಹಾಳೆಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುವುದು ಅದಕ್ಕೇ. ಬಗ್ಗಿಸಿದರೆ, ಸುತ್ತಿಗೆಯಲ್ಲಿ ಬಡಿದರೆ ಗುಣ ಹೋಗುತ್ತದೆ. ತೋಟದ ಪಂಪ್‌ಸೆಟ್ಟಿನ ಮೋಟಾರಿಗೆ ಮಾತ್ರ ಇದು ಸುಮ್ನೆ ದಂಡ. ಅಲ್ಲಿ ಕಾಂತಶಕ್ತಿ ಗಿರಗಿರ ತಿರುಗುತ್ತಿರುತ್ತದೆ, ಒಂದೇ ದಿಕ್ಕು ಹಿಡಿದ ಹಾಳೆ ಕಟ್ಟಿಕೊಂಡು ಏನು ಮಾಡುವುದು?